ಬಿಡಿಭಾಗಗಳ ರಾಶಿಯಿಂದ ಎದ್ದ ಬಂಡಿ

ಮೋಟಾರು ಬಂಡಿಯನ್ನು ಕೊಂಡವನು ಅದನ್ನು ಓಡಿಸಿಕೊಂಡು ಮನೆಗೆ ಬರುವುದು ಲೋಕರೂಢಿ. ಓಡಿಸಲು ಬಾರದ ಸ್ಥಿತಿಯಲ್ಲಿದ್ದರೆ ಹಗ್ಗ ಕಟ್ಟಿ ಎಳೆದು ತರುವುದೂ ಉಂಟು. ಆದರೆ 1952ರಲ್ಲಿ ನ್ಯೂಜಿಲೆಂಡ್ ದೇಶದ ಆಕ್ಲೆಂಡ್ ನಗರದಲ್ಲಿ ಲೆಸ್ ಮೆಕ್‌ಲಾರೆನ್ ಎಂಬ ಗೃಹಸ್ಥ ಕೊಂಡ ಬಂಡಿ ಈ ಎರಡು ಬಗೆಗೂ ಸೇರಿದುದಲ್ಲ. ಅದು ಬಿಡಿಭಾಗಗಳ ರಾಶಿಯ ರೂಪದಲ್ಲಿಯೇ ಮನೆಗೆ ಬಂದಿತು. ಕಂಡವರಿಗೆ ಅದು ಗುಜರಿಯವನ ಪಾಲಿಗೆ ಸೇರಬೇಕಾದ ಸಾಮಾನಿನಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ಲೆಸ್ ವ್ಯಾಪಾರ ಬಲ್ಲವನು. ನಗರದ ರೆಮುವೆರಾ ಬಡಾವಣೆಯಲ್ಲಿ ಆತನಿಗೆ ಪೆಟ್ರೋಲ್ ಬಂಕೂ ರಿಪೇರಿಯ ಗ್ಯಾರೇಜೂ ಇದ್ದವು. ಭಾಗಗಳನ್ನು ಜೋಡಿಸಿ, ಬಂಡಿಗೆ ಒಂದು ರೂಪ ಕೊಟ್ಟು, ನಾಲ್ಕು ಕಾಸು ಲಾಭಕ್ಕೆ ಮಾರಿಬಿಡುವುದು ಆತನ ಎಣಿಕೆ. ಆದರೆ ಆ ಎಣಿಕೆಗೆ ಅಡ್ಡ ಬಂದವನು ಆತನ ಮಗ. ಆ ರಾಶಿಯಲ್ಲಿ ತಂದೆ ಕಂಡದ್ದು ಲಾಭವನ್ನು. ಮಗ ಕಂಡದ್ದು ಒಂದು ಓಟದ ಬಂಡಿಯನ್ನು. ಮಾರಕೂಡದು, ತನಗೇ ಬೇಕು ಎಂದು ಆತ ಹಟ ಹಿಡಿದ. ಆ ಹುಡುಗನ ಹೆಸರು ಬ್ರೂಸ್. ಮುಂದೆ ಅವನ ಮನೆತನದ ಹೆಸರು ಜಗತ್ತಿನ ವೇಗದ ಕಾರುಗಳ ಮೂತಿಯ ಮೇಲೆ ಮೂಡಲಿದೆಯೆಂದು ಆಗ ಯಾರೂ ಕನಸು ಕಂಡಿರಲಿಲ್ಲ.

ಮಲಗಿದ್ದಲ್ಲೇ ಕಳೆದ ಬಾಲ್ಯ

ಬ್ರೂಸ್ ಹುಟ್ಟಿದ್ದು 1937ರ ಆಗಸ್ಟ್ 30ರಂದು. ಮೋಟಾರಿನ ವಾಸನೆ ಹುಟ್ಟಿನಿಂದಲೇ ಅವನ ಪಾಲಿಗೆ ಬಂದದ್ದು. ಗ್ಯಾರೇಜಿನ ಮೇಲಿನ ಮನೆಯೇ ಆ ಕುಟುಂಬದ ವಾಸಸ್ಥಾನ. ತಂದೆ ಒಂದು ಕಾಲಕ್ಕೆ ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವನು.

ಒಂಬತ್ತನೆಯ ವಯಸ್ಸಿನಲ್ಲಿ ಬಾಲಕನಿಗೆ ಸೊಂಟದ ಕೀಲಿನ ಬೇನೆ ತಗುಲಿತು. ವೈದ್ಯರು ಅದನ್ನು ಪರ್ಥಿಸ್ ವ್ಯಾಧಿಯೆಂದು ಗುರುತಿಸಿದರು. ತೊಡೆಯ ಮೂಳೆಯ ತಲೆಗೆ ರಕ್ತದ ಸಂಚಾರ ತಪ್ಪಿ, ಮೂಳೆ ಮೆತ್ತಗಾಗಿ ಆಕಾರ ಕೆಡುವ ರೋಗ ಅದು. ಬೆಳೆಯುವ ಮಕ್ಕಳಿಗೇ ಬರುವಂಥದು. ಕಾಲ ಮೇಲೆ ಭಾರ ಬೀಳಕೂಡದೆಂಬುದೇ ಅಂದಿನ ಚಿಕಿತ್ಸೆ. ಟಕಪುನಾ ಎಂಬಲ್ಲಿದ್ದ ಅಂಗವಿಕಲ ಮಕ್ಕಳ ಆರೈಕೆಯ ಮನೆಯಲ್ಲಿ, ಚಕ್ರಗಳಿದ್ದ ಒಂದು ಚೌಕಟ್ಟಿಗೆ ಕಾಲುಗಳನ್ನು ಬಿಗಿಸಿ ಅವನನ್ನು ಮಲಗಿಸಿದರು. ಓಡಿಯಾಡುವ ವಯಸ್ಸಿನ ಬಾಲಕ ಸುಮಾರು ಎರಡು ವರ್ಷ ಹಾಗೆ ಅಂಗಾತ ಬಿದ್ದುಕೊಂಡಿದ್ದ. ಎದ್ದು ನಡೆಯಲು ತೊಡಗಿದಾಗ ಎಡಗಾಲು ಬಲಗಾಲಿಗಿಂತ ಒಂದೂವರೆ ಅಂಗುಲ ಗಿಡ್ಡವಾಗಿತ್ತು. ಆ ಕುಂಟು ಬದುಕಿನ ಕೊನೆಯವರೆಗೂ ಉಳಿಯಿತು.

ಅಂತಹ ಮಗ ಈಗ ಒಂದು ಓಟದ ಬಂಡಿಯನ್ನು ಬೇಡುತ್ತಿದ್ದ. ತಂದೆಯಾದವನ ಮನಸ್ಸು ಎಂತಹ ಇಕ್ಕಟ್ಟಿಗೆ ಸಿಕ್ಕಿರಬಹುದೆಂಬುದನ್ನು ಮಕ್ಕಳನ್ನು ಹೆತ್ತವರು ಯಾರಾದರೂ ಊಹಿಸಬಲ್ಲರು. ಬೇಡವೆಂದರೆ, ಎರಡು ವರ್ಷ ಕಟ್ಟಿಹಾಕಿದ್ದ ಹುಡುಗನನ್ನು ಮತ್ತೊಮ್ಮೆ ಕಟ್ಟಿಹಾಕಿದಂತೆ. ಆಗಲಿ ಎಂದರೆ, ಒಮ್ಮೆ ಉಳಿದು ಬಂದ ಜೀವವನ್ನು ಅಪಾಯದ ಕೈಗೆ ಕೊಟ್ಟಂತೆ. ಲೆಸ್ ಕೊನೆಗೆ ಆಗಲಿ ಎಂದ. ಆದರೆ ಬಂಡಿಯನ್ನು ಸಿದ್ಧಮಾಡಿ ಮಗನ ಕೈಗೆ ಇಡಲಿಲ್ಲ. ಇಬ್ಬರೂ ಸೇರಿ ಅದನ್ನು ಕಟ್ಟಲು ಕುಳಿತರು.

ಬಡವನ ಬಂಡಿ, ಓಟಗಾರನ ಬಂಡಿ

ಆ ರಾಶಿಯಲ್ಲಿದ್ದುದು 1929ರ ಆಸ್ಟಿನ್ ಸೆವೆನ್ ಅಲ್ಸ್ಟರ್ ಎಂಬ ಬಂಡಿ. ಮಾಲಿಕನಾಗಬೇಕಾದವನಿಗಿಂತ ಎಂಟು ವರ್ಷ ಹಿರಿದು.

ಆಸ್ಟಿನ್ ಸೆವೆನ್ನಿನ ಹುಟ್ಟಿನಲ್ಲಿಯೂ ಒಬ್ಬ ಹುಡುಗನ ಕೈವಾಡವಿದ್ದುದು ಸ್ವಾರಸ್ಯದ ಸಂಗತಿ. ಮೊದಲ ಮಹಾಯುದ್ಧದ ಬಳಿಕ ಇಂಗ್ಲೆಂಡಿನ ಆಸ್ಟಿನ್ ಸಂಸ್ಥೆ ಸಾಲದಲ್ಲಿ ಮುಳುಗಿತ್ತು. ಪುಟ್ಟ ಸಂಸಾರ ಸಾಗಿಸಬಲ್ಲ ಅಗ್ಗದ ಕಾರೊಂದೇ ಸಂಸ್ಥೆಯನ್ನು ಉಳಿಸೀತು ಎಂದು ಹರ್ಬರ್ಟ್ ಆಸ್ಟಿನ್ ನಂಬಿದ್ದ. ಜೊತೆಯ ನಿರ್ದೇಶಕರು ನಂಬಲಿಲ್ಲ. ಆತ ಛಲ ಬಿಡದೆ, ಕಾರ್ಖಾನೆಯ ನಕ್ಷೆಗಾರರಲ್ಲಿ 18 ವರ್ಷದ ಸ್ಟ್ಯಾನ್ಲಿ ಎಜ್ ಎಂಬವನನ್ನು ಆರಿಸಿ ತನ್ನ ಮನೆಗೇ ಕರೆಸಿಕೊಂಡ. ಬಿಲಿಯರ್ಡ್ಸ್ ಆಡುವ ಕೋಣೆಯಲ್ಲಿ ಇಬ್ಬರೂ ಕುಳಿತು ಬರೆದ ನಕ್ಷೆಯೇ 1922ರಲ್ಲಿ ಆಸ್ಟಿನ್ ಸೆವೆನ್ ಆಗಿ ಬೀದಿಗೆ ಇಳಿಯಿತು. 1939ರವರೆಗೆ ಅಂತಹ ಸುಮಾರು 2,90,000 ಬಂಡಿಗಳು ತಯಾರಾದವು. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ ಕಾರು ತಯಾರಿಕೆಗೆ ಕಾಲಿಟ್ಟದ್ದೂ ಇದೇ ಬಂಡಿಯನ್ನು ಪರವಾನಗಿ ಪಡೆದು ಕಟ್ಟುತ್ತಿದ್ದ ಕಾರ್ಖಾನೆಯನ್ನು ಕೊಳ್ಳುವುದರ ಮೂಲಕ.

ಬಂಡಿ ಆಟಿಕೆಯಂತಹುದು. ಚೌಕಟ್ಟು ಇಂಗ್ಲಿಷಿನ ಎ ಅಕ್ಷರದ ಆಕಾರದ್ದು. ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳಿದ್ದರೂ ಅವುಗಳ ಒಟ್ಟು ಗಾತ್ರ 747 ಘನ ಸೆಂಟಿಮೀಟರು. ಮಾಮೂಲು ಬಂಡಿಯ ಬಲ ಸುಮಾರು 10 ಅಶ್ವಶಕ್ತಿ. ಅದನ್ನೇ ತಗ್ಗಿಸಿ, ಹಗುರಗೊಳಿಸಿ, ಬಲವನ್ನು ಎರಡು ಪಟ್ಟಿಗೂ ಮೀರಿ ಏರಿಸಿ, ಓಟಕ್ಕೆಂದು ಕಾರ್ಖಾನೆಯವರೇ ತಯಾರಿಸಿದ ರೂಪಕ್ಕೆ ಅಲ್ಸ್ಟರ್ ಎಂದು ಹೆಸರಾಯಿತು. ಐರ್ಲೆಂಡಿನ ಉತ್ತರದ ಅಲ್ಸ್ಟರ್ ಪ್ರಾಂತದಲ್ಲಿ 1929ರಲ್ಲಿ ನಡೆದ ದೊಡ್ಡ ಪಂದ್ಯದಲ್ಲಿ ಈ ಪುಟ್ಟ ಬಂಡಿಗಳು ಮೂರನೆಯ ಮತ್ತು ನಾಲ್ಕನೆಯ ಸ್ಥಾನ ಗಳಿಸಿ ದಿಗ್ಗಜಗಳನ್ನು ನಾಚಿಸಿದ್ದವು.

ಅಗ್ಗ, ಹಗುರ, ಬಿಚ್ಚಿ ಜೋಡಿಸಲು ಸುಲಭ. ಈ ಮೂರು ಗುಣಗಳಿಂದಾಗಿ, ಹಳತಾದ ಮೇಲೆ ಆಸ್ಟಿನ್ ಸೆವೆನ್ ಸಂಸಾರಿಗರ ಕೈಯಿಂದ ಹುಡುಗರ ಕೈಗೆ ಜಾರಿತು. ಅದರ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದುದರಿಂದ ಎಂಜಿನ್ನಿನ ತಲೆಯೆಂಬುದು ಬರಿಯ ಮುಚ್ಚಳ. ಕೆಲವು ನಟ್ಟುಗಳನ್ನು ಬಿಚ್ಚಿದರೆ ಕೈಗೆ ಬರುತ್ತಿತ್ತು. ಹಿತ್ತಲಿನ ಶೆಡ್ಡಿನಲ್ಲಿ ಸ್ಪಾನರು ಹಿಡಿದ ತರುಣನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಯಾವುದು?

ಒಂದನ್ನು ತಿದ್ದಿದರೆ ಇನ್ನೊಂದು

ಬಂಡಿಯ ವೇಗವನ್ನು ಹೆಚ್ಚಿಸುವುದೆಂದರೆ ಏನು? ಎಂಜಿನ್ನು ಗಾಳಿ ಮತ್ತು ಪೆಟ್ರೋಲಿನ ಆವಿಯನ್ನು ಒಳಗೆಳೆದು, ಅದುಮಿ, ಕಿಡಿ ಹಚ್ಚಿ ಉರಿಸುತ್ತದೆ. ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಬಲ ದೊರೆಯುತ್ತದೆ. ಆದುದರಿಂದ ಮುಚ್ಚಳದ ಅಡಿಭಾಗವನ್ನು ತುಸು ತೆಗೆಸಿ, ಉರಿಯುವ ಕೋಣೆಯನ್ನು ಕಿರಿದು ಮಾಡುವುದು ಹುಡುಗರು ಕಲಿಯುವ ಮೊದಲ ಉಪಾಯ.

ಇಲ್ಲಿಯೇ ತೊಡಕೂ ಹುಟ್ಟುತ್ತದೆ. ಒತ್ತಡ ಏರಿದೊಡನೆ ಮುಚ್ಚಳದ ಕೆಳಗಿನ ಗ್ಯಾಸ್ಕೆಟ್ಟು ತಾಳಲಾರದೆ ಸಿಡಿಯುತ್ತದೆ. ಅದನ್ನು ಸರಿಪಡಿಸಿದರೆ ಕಷ್ಟ ಇನ್ನೂ ಕೆಳಗಿಳಿಯುತ್ತದೆ. ಪಿಸ್ಟನ್ನುಗಳ ಹೊಡೆತವನ್ನು ತಿರುಗುವ ಚಲನೆಯಾಗಿಸುವ ಕ್ರ್ಯಾಂಕ್ ದಂಡಕ್ಕೆ, 1936ರ ಮೊದಲಿನ ಆಸ್ಟಿನ್ ಸೆವೆನ್ನಿನಲ್ಲಿ, ಆಧಾರವಿದ್ದುದು ಎರಡೇ ಬೇರಿಂಗುಗಳು: ಈ ತುದಿಗೊಂದು, ಆ ತುದಿಗೊಂದು. ನಡುವೆ ಆಸರೆಯಿಲ್ಲ. ಎರಡು ಗೂಟಗಳಿಗೆ ಕಟ್ಟಿದ ಬಟ್ಟೆ ಒಣಗಿಸುವ ಗಳುವಿನ ಮೇಲೆ ಒದ್ದೆ ಜಮಖಾನ ಹರವಿದರೆ ಅದು ನಡುವೆ ಬಾಗುವಂತೆ, ವೇಗ ಏರಿದಾಗ ದಂಡ ಬಾಗುತ್ತಿತ್ತು; ಮಿತಿ ಮೀರಿದರೆ ಮುರಿಯುತ್ತಿತ್ತು.

ಎಂಜಿನ್ನು ಉಳಿದರೂ ಪ್ರಶ್ನೆ ಮುಗಿಯುವುದಿಲ್ಲ. ಓಡಿದ ಬಂಡಿ ನಿಲ್ಲಬೇಕಲ್ಲ! ಅಂದಿನ ಆಸ್ಟಿನ್ನಿನ ಬ್ರೇಕುಗಳು ತಂತಿಯ ಎಳೆತದಿಂದ ಕೆಲಸ ಮಾಡುವಂಥವು. ಮೊದಲ ವರ್ಷಗಳ ಮಾದರಿಗಳಲ್ಲಿ ಕಾಲಿನಿಂದ ತುಳಿದರೆ ಹಿಂದಿನ ಚಕ್ರಗಳು, ಕೈಯಿಂದ ಸನ್ನೆ ಎಳೆದರೆ ಮುಂದಿನ ಚಕ್ರಗಳು ನಿಲ್ಲುತ್ತಿದ್ದವು. ತಂತಿಗಳ ಬಿಗಿತ ಒಂದೇ ಸಮನಾಗಿರದಿದ್ದರೆ ಬಂಡಿ ನಿಲ್ಲುವ ಬದಲು ಪಕ್ಕಕ್ಕೆ ತಿರುಗುವುದು. ವೇಗವನ್ನು ಎರಡರಷ್ಟು ಮಾಡಿದರೆ ಬ್ರೇಕು ತಡೆದು ನಿಲ್ಲಿಸಬೇಕಾದ ಚಲನಶಕ್ತಿ ನಾಲ್ಕರಷ್ಟಾಗುತ್ತದೆಂಬುದು ಶಾಲೆಯ ಪಾಠ. ಆ ಪಾಠ ಪುಸ್ತಕದಲ್ಲಿ ಒಂದು ಸಾಲು. ಇಳಿಜಾರಿನಲ್ಲಿ ಅದು ಜೀವಮರಣದ ಮಾತು.

ಮೆಕ್‌ಲಾರೆನ್ ತಂದೆಮಕ್ಕಳು ಇದನ್ನು ಬಹುಬೇಗ ಅರಿತರು. ಬಂಡಿಗೆ ಜೀವ ಬಂದ ಮೇಲೆ ಮೊದಲು ಓಡಿಸಿ ನೋಡಿದವನು ಲೆಸ್. ಪಂದ್ಯಗಳಲ್ಲಿ ಪಳಗಿದ ಆ ಮನುಷ್ಯನಿಗೇ ಅದರ ಚಾಳಿ ಹಿಡಿಸಲಿಲ್ಲ. ನಿಲ್ಲೆಂದರೆ ನಿಲ್ಲದು, ತಿರುಗೆಂದಲ್ಲಿ ತಿರುಗದು. ಬ್ರೂಸ್ ಮಾತ್ರ ಹಿಂದೆ ಸರಿಯಲಿಲ್ಲ. ಬೀದಿಗೆ ಇಳಿಯುವ ಮೊದಲು ಮನೆಯ ಹಿತ್ತಲಿನಲ್ಲಿಯೇ, ಹಣ್ಣಿನ ಗಿಡಗಳ ನಡುವೆ, ಇಂಗ್ಲಿಷಿನ ಎಂಟರ ಆಕಾರದ ಒಂದು ದಾರಿ ಮಾಡಿಕೊಂಡ. ಎಂಟರ ಆಕಾರದಲ್ಲಿ ಸುತ್ತುವವನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಲೇಬೇಕು. ಯಾವ ಕ್ಷಣದಲ್ಲಿ ಹಿಂದಿನ ಚಕ್ರ ಜಾರುತ್ತದೆ, ಎಷ್ಟು ತಿರುಗಿಸಿದರೆ ಬಂಡಿ ಮತ್ತೆ ಹದಕ್ಕೆ ಬರುತ್ತದೆ ಎಂಬುದೆಲ್ಲ ಅಲ್ಲಿ ನಿಧಾನದ ವೇಗದಲ್ಲಿಯೇ ತಿಳಿಯುತ್ತಿತ್ತು. ತಾಯಿ ರೂತ್ ಆ ಹಿತ್ತಲನ್ನು ಕಂಡು ಏನೆಂದಳೋ ತಿಳಿಯದು, ಗಿಡಗಳು ಸುಖವಾಗಿದ್ದಿರಲಾರವು.

ಆಕ್ಲೆಂಡಿನ ಪಶ್ಚಿಮಕ್ಕೆ ಮುರಿವಾಯ್ ಎಂಬ ಸಮುದ್ರತೀರವಿದೆ. ಅಲ್ಲಿ ಬೆಟ್ಟ ಹತ್ತುವ ಪಂದ್ಯ. ಬಂಡಿಗಳು ಒಂದೊಂದಾಗಿ ಗಡಿಯಾರದೊಡನೆ ಸೆಣಸುತ್ತವೆ. ಅಕ್ಕಪಕ್ಕದಲ್ಲಿ ಬೇರೆ ಬಂಡಿಯಿಲ್ಲ. ಹದಿನಾರು ತುಂಬದ, ಕುಂಟುವ ಹುಡುಗ ಹಳೆಯ ಅಲ್ಸ್ಟರಿನಲ್ಲಿ ಕುಳಿತು ಹೊರಟ. ನಡೆಯುವಾಗ ತಡವರಿಸುತ್ತಿದ್ದ ಎಡಗಾಲು ಕ್ಲಚ್ಚಿನ ಮೇಲೆ ತಡವರಿಸಲಿಲ್ಲ. 750 ಘನ ಸೆಂಟಿಮೀಟರಿನ ವರ್ಗದಲ್ಲಿ ಗೆಲವು ಅವನದಾಯಿತು.

ಲಂಡನ್ನಿನ ಇನ್ನೊಂದು ಶೆಡ್ಡು

ಇದಕ್ಕೆ ನಾಲ್ಕು ವರ್ಷ ಮೊದಲು, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಇನ್ನೊಬ್ಬ ತರುಣ ಇನ್ನೊಂದು ಆಸ್ಟಿನ್ ಸೆವೆನ್ನನ್ನು ಬಿಚ್ಚುತ್ತಿದ್ದ. ಕಾಲಿನ್ ಚಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಬಿಡುವಿನಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುತ್ತಿದ್ದ. 1947ರಲ್ಲಿ ಸರ್ಕಾರ ಖಾಸಗಿ ಕಾರುಗಳಿಗೆ ಕೊಡುತ್ತಿದ್ದ ಪೆಟ್ರೋಲಿನ ಪಡಿತರವನ್ನು ನಿಲ್ಲಿಸಿದಾಗ ಹಳೆಯ ಕಾರನ್ನು ಕೇಳುವವರೇ ಇಲ್ಲವಾದರು. ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಂಡ ಮೇಲೆ ಉಳಿದದ್ದು ಒಂದು ಹಳೆಯ ಆಸ್ಟಿನ್.

ಮಾರಾಟವಾಗದುದನ್ನು ಮಾರ್ಪಡಿಸೋಣವೆಂದು ಆತ ನಿಶ್ಚಯಿಸಿದ. ಮುಂದೆ ಅವನ ಮಡದಿಯಾಗಲಿದ್ದ ಹೇಜಲ್‌ಳ ತಂದೆತಾಯಿಗಳ ಮನೆ ಮಸ್‌ವೆಲ್ ಹಿಲ್‌ನಲ್ಲಿತ್ತು. ಆ ಮನೆಯ ಹಿಂದಿನ ಗ್ಯಾರೇಜೇ ಕಾರ್ಖಾನೆ, ಹೇಜಲ್‌ಳೇ ಸಹಾಯಕಿ. ಹಳೆಯ ಮೈಯನ್ನು ಕಿತ್ತೊಗೆದು, ಅಲ್ಯೂಮಿನಿಯಂ ತಗಡು ಅಂಟಿಸಿದ ಪ್ಲೈವುಡ್ಡಿನಿಂದ ಹೊಸ ಮೈ ಕಟ್ಟಿದರು. ವಿಮಾನದ ಒಡಲಿನಂತೆ ಹೊದಿಕೆಯೂ ಭಾರ ಹೊರಬೇಕೆಂಬುದು ಆತನ ಯೋಚನೆ. ಎಂಜಿನ್ನಿನ ಬಲವನ್ನು ಏರಿಸುವುದೊಂದೇ ದಾರಿಯಲ್ಲ, ಬಂಡಿಯ ಭಾರವನ್ನು ಇಳಿಸುವುದೂ ದಾರಿ. ಹಗುರಾದ ಬಂಡಿ ಬೇಗ ಓಡುತ್ತದೆ, ಬೇಗ ತಿರುಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇಗ ನಿಲ್ಲುತ್ತದೆ. 1948ರಲ್ಲಿ ಸಿದ್ಧವಾದ ಆ ಬಂಡಿಗೆ ಲೋಟಸ್ ಎಂದು ಹೆಸರಿಟ್ಟರು.

1951ರಲ್ಲಿ 750 ವರ್ಗದ ಪಂದ್ಯಗಳಿಗಾಗಿ ಚಾಪ್‌ಮನ್ ಮಾಡಿದ ಒಂದು ಬದಲಾವಣೆ ಇಂದಿಗೂ ಮಾತಿನ ವಸ್ತು. ಆಸ್ಟಿನ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲು ಒಳಹೋಗುವ ದಾರಿಗಳು ಎರಡೇ. ಒಂದು ದಾರಿಯನ್ನು ನೆರೆಯ ಎರಡು ಸಿಲಿಂಡರುಗಳು ಹಂಚಿಕೊಳ್ಳಬೇಕು; ಒಂದು ಹೀರುವಾಗ ಇನ್ನೊಂದರ ಪಾಲಿಗೆ ಕೊರತೆ. ಚಾಪ್‌ಮನ್ ಆ ದಾರಿಗಳ ನಡುವೆ ಉಕ್ಕಿನ ತಗಡಿನ ಗೋಡೆ ಇಟ್ಟು ಎರಡನ್ನು ನಾಲ್ಕಾಗಿಸಿದ. ಹೊಸ ಭಾಗವಿಲ್ಲ, ದೊಡ್ಡ ಖರ್ಚಿಲ್ಲ. ಅವನ ಬಂಡಿಯನ್ನು ಹಿಡಿಯುವವರೇ ಇಲ್ಲವಾಗಿ, ಮುಂದೆ ಅಂತಹ ಉಪಾಯವನ್ನು ತಡೆಯಲು ನಿಯಮವನ್ನೇ ಬದಲಿಸಬೇಕಾಯಿತು. ಮರುವರ್ಷ, ಹೇಜಲ್ ಸಾಲವಾಗಿ ಕೊಟ್ಟ 25 ಪೌಂಡುಗಳಿಂದ ಲೋಟಸ್ ಸಂಸ್ಥೆ ಆರಂಭವಾಯಿತು. 1963 ಮತ್ತು 1965ರಲ್ಲಿ ಜಿಮ್ ಕ್ಲಾರ್ಕ್ ವಿಶ್ವವಿಜೇತನಾದದ್ದು ಆ ಸಂಸ್ಥೆಯ ಬಂಡಿಗಳಲ್ಲಿ.

ಹಿತ್ತಲಿನಿಂದ ಹೆದ್ದಾರಿಗೆ

ಬ್ರೂಸ್ ಮೆಕ್‌ಲಾರೆನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಲೇ ಒಂದರಿಂದ ಇನ್ನೊಂದು ಬಂಡಿಗೆ ಏರಿದ. 1958ರಲ್ಲಿ, ತರುಣ ಓಟಗಾರನೊಬ್ಬನನ್ನು ಯೂರೋಪಿಗೆ ಕಳುಹಿಸುವ ಯೋಜನೆಯೊಂದು ನ್ಯೂಜಿಲೆಂಡಿನಲ್ಲಿ ಆರಂಭವಾದಾಗ ಮೊದಲು ಆಯ್ಕೆಯಾದವನು ಅವನೇ. 1959ರ ಡಿಸೆಂಬರ್ 12ರಂದು ಅಮೆರಿಕದ ಸೆಬ್ರಿಂಗಿನಲ್ಲಿ ಗ್ರಾಂಡ್ ಪ್ರೀ ಗೆದ್ದಾಗ ಅವನಿಗೆ 22 ವರ್ಷ. ಫಾರ್ಮುಲಾ ಒನ್ ಗ್ರಾಂಡ್ ಪ್ರೀ ಗೆದ್ದ ಅತ್ಯಂತ ಕಿರಿಯ ಚಾಲಕನೆಂಬ ಆ ಹೆಗ್ಗಳಿಕೆಯನ್ನು 2003ರಲ್ಲಿ ಸ್ಪೇನಿನ ಫರ್ನಾಂಡೊ ಅಲೊನ್ಸೊ ಮುರಿಯುವವರೆಗೆ ಯಾರೂ ಕಸಿದುಕೊಳ್ಳಲಿಲ್ಲ.

ಓಡಿಸುವುದರಿಂದ ಮಾತ್ರ ಅವನಿಗೆ ತೃಪ್ತಿಯಾಗಲಿಲ್ಲ. ಕಟ್ಟುವ ಚಟ ಹಿತ್ತಲಿನಲ್ಲಿಯೇ ಹತ್ತಿದುದು. 1963ರಲ್ಲಿ ತನ್ನದೇ ಸಂಸ್ಥೆ ಸ್ಥಾಪಿಸಿದ; 1968ರಲ್ಲಿ ಬೆಲ್ಜಿಯಂ ಗ್ರಾಂಡ್ ಪ್ರೀಯನ್ನು ತನ್ನ ಹೆಸರಿನ ಬಂಡಿಯಲ್ಲಿಯೇ ಗೆದ್ದ. ಬಂಡಿಯನ್ನು ತಾನು ಓಡಿಸಿ ಪರೀಕ್ಷಿಸುವುದು, ದೋಷ ಕಂಡಲ್ಲಿ ತಾನೇ ಸಹಾಯಕರೊಡನೆ ಕುಳಿತು ತಿದ್ದುವುದು ಅವನ ಕ್ರಮ. ಅಲ್ಸ್ಟರಿನ ಮೇಲೆ ತಂದೆಯೊಡನೆ ಕಲಿತದ್ದೂ ಅದನ್ನೇ.

1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್ ಪಥದಲ್ಲಿ ಹೊಸ ಬಂಡಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಅದರ ಹಿಂಭಾಗದ ಹೊದಿಕೆ ಕಳಚಿಕೊಂಡಿತು. ಬಂಡಿಯನ್ನು ನೆಲಕ್ಕೆ ಅದುಮಿ ಹಿಡಿಯುತ್ತಿದ್ದ ಗಾಳಿಯ ಒತ್ತಡ ತಪ್ಪಿ, ಅದು ಪಥ ಬಿಟ್ಟು ಹೋಗಿ ಅಪ್ಪಳಿಸಿತು. ಬ್ರೂಸ್ ಅಲ್ಲಿಯೇ ಮಡಿದ. ಆಗ ಅವನಿಗೆ 32 ವರ್ಷ. ಮುರಿವಾಯ್ ಬೆಟ್ಟದ ದಾರಿಯಲ್ಲಿ ಮಗನನ್ನು ಮುಂದಕ್ಕೆ ಬಿಟ್ಟ ತಂದೆಯ ಭಯ ಸುಳ್ಳಿನ ಭಯವಾಗಿರಲಿಲ್ಲ.

ಹಾಗಾದರೆ ಲೆಸ್ ಅಂದು ಬೇಡವೆನ್ನಬೇಕಿತ್ತೇ? ಇದಕ್ಕೆ ಒಂದು ಮಾತಿನ ಉತ್ತರವಿಲ್ಲ. ಬೇಡವೆಂದಿದ್ದರೆ ಹುಡುಗ ಬಂಡಿಯನ್ನು ಮರೆಯುತ್ತಿದ್ದನೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಮನೆಯಲ್ಲಿ ದೊರೆಯದ ಒಪ್ಪಿಗೆಯನ್ನು ತರುಣರು ಬೀದಿಯಲ್ಲಿ ಹುಡುಕುವುದುಂಟು. ಅಲ್ಲಿ ಬ್ರೇಕಿನ ತಂತಿಯ ಬಿಗಿತವನ್ನು ಪಕ್ಕದಲ್ಲಿ ಕುಳಿತು ನೋಡುವ ಹಿರಿಯರಿರುವುದಿಲ್ಲ. ಲೆಸ್ ಕೊಟ್ಟದ್ದು ಬರಿಯ ಒಪ್ಪಿಗೆಯನ್ನಲ್ಲ, ತನ್ನ ಸಂಜೆಗಳನ್ನು. ಮೊದಲ ಓಟದ ಅಪಾಯವನ್ನು ತಾನು ಹೊತ್ತುಕೊಂಡ. ಮಗನನ್ನು ಹಿತ್ತಲಿನ ಎಂಟರ ಆಕಾರದಲ್ಲಿ ಸುತ್ತಲು ಬಿಟ್ಟು, ಆಮೇಲೆ ಬೆಟ್ಟಕ್ಕೆ ಬಿಟ್ಟ. ಮಕ್ಕಳ ಆಯುಸ್ಸನ್ನು ಅಳೆದು ಕೊಡುವುದು ಹೆತ್ತವರ ಕೈಯಲ್ಲಿಲ್ಲ. ಇಷ್ಟು ಮಾಡುವುದು ಅವರ ಕೈಯಲ್ಲಿದೆ.

ಎರಡು ಬಂಡಿಗಳ ಮುಂದಿನ ಕಥೆ ಬೇರೆ ಬೇರೆ. ಚಾಪ್‌ಮನ್ನನ ಮೊದಲ ಲೋಟಸ್ 1950ರಲ್ಲಿ ಮಾರಾಟವಾಗಿ ಕಣ್ಮರೆಯಾಯಿತು. 2018ರಲ್ಲಿ, ಎಪ್ಪತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಅದನ್ನು ಹುಡುಕಿಕೊಡಿರೆಂದು ಸಂಸ್ಥೆಯೇ ಜನರನ್ನು ಕೇಳಿಕೊಂಡಿತು. ಯಾವುದಾದರೂ ಶೆಡ್ಡಿನಲ್ಲಿ ದೂಳು ಹೊದ್ದು ಕುಳಿತಿರಬಹುದೆಂಬ ಆಸೆಯಿಂದ. ಬ್ರೂಸನ ಅಲ್ಸ್ಟರು ಹಾಗೆ ಕಳೆದುಹೋಗಲಿಲ್ಲ. ಇಂಗ್ಲೆಂಡಿನ ವೋಕಿಂಗಿನಲ್ಲಿರುವ ಮೆಕ್‌ಲಾರೆನ್ ಸಂಸ್ಥೆಯ ಗಾಜಿನ ಭವನದಲ್ಲಿ, ಜಗತ್ತನ್ನು ಗೆದ್ದ ಬಂಡಿಗಳ ಸಾಲಿನಲ್ಲಿ ಅದನ್ನು ಇರಿಸಿಕೊಂಡಿದ್ದಾರೆ. ಅದರ ಎತ್ತರ ಪಕ್ಕದಲ್ಲಿ ನಿಂತವನ ಎದೆಗೂ ಬಾರದು. ತಂದೆಯೊಬ್ಬ ನಾಲ್ಕು ಕಾಸಿನ ಲಾಭಕ್ಕೆ ಮಾರಬೇಕೆಂದಿದ್ದ ಬಂಡಿ ಅದು.